ಉದ್ಧಾರಕ ರಥ

ಮಹಾಭಾರತದ ಕಥೆಯನ್ನು ಬಲ್ಲ ನಮ್ಮ ವಾಚಕರಿಗೆ ಕರ್ಣನ ಕಡೆಯ ದಿವಸವನ್ನು ನೆನಪುಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ರಥದ ಗಾಲಿ ನೆಲದಲ್ಲಿ ಹೂತುಹೋಯಿತು. ವೀರನು ಬಿಲ್ಲನ್ನು ಬದಿಗಿಟ್ಟು ಕೆಳಗಿಳಿದು, ತನ್ನ ತೋಳುಗಳಿಂದಲೇ ಗಾಲಿಯನ್ನೆತ್ತಲು ತೊಡಗಿದನು. ಆ ಹೊತ್ತಿನಲ್ಲಿಯೇ ಅರ್ಜುನನ ಬಾಣ ಬಂದಿತು. ಮೂವತ್ತು ವರ್ಷಕ್ಕೂ ಮಿಕ್ಕು ಈ ಪ್ರಸಂಗವನ್ನು ಮಕ್ಕಳಿಗೆ ಹೇಳಿದ ನಾವು, ಪ್ರತಿ ವರ್ಷವೂ ಶಾಪದ ವಿಚಾರವನ್ನೂ ಧರ್ಮಾಧರ್ಮದ ವಿಚಾರವನ್ನೂ ವಿಸ್ತಾರವಾಗಿ ಹೇಳಿದ್ದುಂಟು. ಆದರೆ ಬಹು ಸರಳವಾದ ಒಂದು ಪ್ರಶ್ನೆ ಮಾತ್ರ ನಮಗೆ ಎಂದೂ ಹೊಳೆದಿರಲಿಲ್ಲ. ಅಷ್ಟು ದೊಡ್ಡ ಸೈನ್ಯದಲ್ಲಿ, ಹೂತ ರಥವನ್ನು ಎಳೆದು ಮೇಲಕ್ಕೆ ತರುವುದನ್ನೇ ಕೆಲಸವಾಗಿ ಉಳ್ಳ ಮತ್ತೊಂದು ರಥ ಏಕಿರಲಿಲ್ಲ? ಈ ಪ್ರಶ್ನೆಯನ್ನು ನಮ್ಮ ಮನಸ್ಸಿನಲ್ಲಿ ಹುಟ್ಟಿಸಿದವನು ನಮ್ಮ ಹಳೆಯ ಶಿಷ್ಯನೊಬ್ಬ.

ಈತನು ನಮ್ಮ ದೇಶದ ಸೇನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಸೇವೆ ಸಲ್ಲಿಸಿ, ಹವಾಲ್ದಾರನಾಗಿ ನಿವೃತ್ತಿ ಹೊಂದಿ, ಈಚೆಗೆ ಊರಿಗೆ ಹಿಂದಿರುಗಿದ್ದಾನೆ. ಬೇಸಗೆಯ ಒಂದು ಸಾಯಂಕಾಲ, ಹದಿನಾಲ್ಕು ವರ್ಷ ವಯಸ್ಸಿನ ಮಗನನ್ನು ಜೊತೆಯಲ್ಲಿ ಕರೆದುಕೊಂಡು ನಮ್ಮ ಮನೆಗೆ ಬಂದು ನಮಸ್ಕಾರ ಮಾಡಿದನು. ಅವನ ಗುರುತು ಹತ್ತಿದೊಡನೆ ನಮಗೆ ಸಂತೋಷಕ್ಕಿಂತ ಮೊದಲು ಸಂಕೋಚವೇ ಉಂಟಾಯಿತು. ಅದರ ಕಾರಣವನ್ನು ಮುಂದೆ ನಿವೇದಿಸುವೆವು.

ಸಂಕೋಚವನ್ನು ಮರೆಸುವುದಕ್ಕಾಗಿ ನಾವು, "ಸೇನೆಯಲ್ಲಿ ನಿನ್ನ ಕೆಲಸವೇನಪ್ಪ?" ಎಂದು ಕೇಳಿದೆವು. "ಕೆಸರಿನಲ್ಲಿ ಸಿಕ್ಕಿಕೊಂಡ ಟ್ಯಾಂಕುಗಳನ್ನು ಎಳೆಯುವುದು, ಮೇಷ್ಟ್ರೇ" ಎಂದನು. ಒಳಗೆ ಕಾಫಿ ಕಾಯಿಸುತ್ತಿದ್ದ ನಮ್ಮ ಮನೆಯವರು ಈ ಮಾತನ್ನು ಕೇಳಿ ಹೊರಗೆ ಬಂದು, "ನಮ್ಮ ತಾರಸಿಯ ಮೇಲಿನ ಟ್ಯಾಂಕೂ ಸೋರುತ್ತಿದೆ; ಅದನ್ನೊಂದಿಷ್ಟು ನೋಡಿಕೊಡುತ್ತೀಯಾ?" ಎಂದರು. ಎಲ್ಲರೂ ನಕ್ಕೆವು. ಆದರೆ ನಮ್ಮ ಮನೆಯವರದು ತೀರ ತಪ್ಪೆಂದು ಹೇಳುವಂತಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಈ ಯಂತ್ರವನ್ನು ಗುಟ್ಟಾಗಿ ನಿರ್ಮಿಸುತ್ತಿದ್ದಾಗ, ಶತ್ರುಗಳಿಗೆ ಸುಳಿವು ಸಿಕ್ಕಬಾರದೆಂದು ಅದು ನೀರಿನ ತೊಟ್ಟಿಯೆಂಬ ಭಾವನೆ ಹುಟ್ಟಿಸುವಂತೆ 'ಟ್ಯಾಂಕ್' ಎಂದು ಹೆಸರಿಟ್ಟರು. ಗುಟ್ಟು ಬಯಲಾದ ಮೇಲೂ ಹೆಸರು ಉಳಿಯಿತು.

ಉಕ್ಕಿನ ಕವಚ, ಗಾಲಿಗಳನ್ನು ಸುತ್ತಿ ಹರಿಯುವ ಉಕ್ಕಿನ ಪಟ್ಟೆ, ಮೇಲೆ ತೋಪು, ಇವುಗಳಿಂದ ಕೂಡಿದ ಈ ರಥವು ಮೊಟ್ಟಮೊದಲು ರಣರಂಗಕ್ಕೆ ಇಳಿದದ್ದು ೧೯೧೬ನೆಯ ಇಸವಿ ಸೆಪ್ಟೆಂಬರ್ ೧೫ರಂದು, ಫ್ರಾನ್ಸ್ ದೇಶದ ಸೋಮ್ ನದಿಯ ಪ್ರಾಂತದಲ್ಲಿ. ಅದರ ತೂಕ ಸುಮಾರು ೨೮ ಟನ್. ಇಷ್ಟು ಭಾರದ ವಸ್ತುವು ಹುಟ್ಟಿದ ದಿನದಿಂದಲೇ ಹೂತುಹೋಗುವ ವ್ಯಾಧಿಯನ್ನೂ ತನ್ನ ಜೊತೆಯಲ್ಲಿಯೇ ತಂದಿತು. ೧೯೧೭ರಲ್ಲಿ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಸುತ್ತಲೂ ತೋಪಿನ ಗುಂಡುಗಳಿಂದ ಅಗೆದುಹೋದ ನೆಲದ ಮೇಲೆ ಮಳೆ ಸುರಿದಾಗ, ಟ್ಯಾಂಕುಗಳು ಒಂದರ ಹಿಂದೊಂದು ಕೆಸರಿನಲ್ಲಿ ಮುಳುಗಿ ಅಲ್ಲಿಯೇ ಉಳಿದವು. ಹೊಸ ಮಾದರಿಗಳು ಬಂದಂತೆಲ್ಲ ಹಳೆಯವುಗಳಿಗೆ ಬೇರೆ ಉದ್ಯೋಗವನ್ನು ಹುಡುಕುವ ಪದ್ಧತಿಯೂ ಆಗಲೇ ಮೊದಲಾಯಿತು. ಮೊದಲ ಮಾದರಿಗಳ ಕೆಲವು ಟ್ಯಾಂಕುಗಳು ಕಾದಾಟವನ್ನು ಬಿಟ್ಟು ಮದ್ದುಗುಂಡು ಮುಂತಾದ ಸಾಮಗ್ರಿಗಳನ್ನು ಹೊರುವ ಗಾಡಿಗಳಾದವು.

ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳ ಸಂಖ್ಯೆಯೂ ತೂಕವೂ ಬೆಳೆದುವು. ಅಮೆರಿಕದವರ ಷರ್ಮನ್ ಟ್ಯಾಂಕು ಸುಮಾರು ೩೦ ಟನ್. ಜರ್ಮನರ ಟೈಗರ್ ೫೦ ಟನ್ನನ್ನು ಮೀರಿದ್ದು. ಜರ್ಮನರಲ್ಲಿ, ಮುಂದೆ ಗಾಲಿಗಳೂ ಹಿಂದೆ ಪಟ್ಟೆಗಳೂ ಇರುವ ೧೮ ಟನ್ನಿನ ಎಳೆಯುವ ಬಂಡಿಗಳಿದ್ದುವು. ಒಂದು ಟೈಗರನ್ನು ಎಳೆಯಬೇಕಾದರೆ ಅಂತಹ ಮೂರನ್ನು ಸಾಲಾಗಿ ಕಟ್ಟಬೇಕಾಗುತ್ತಿತ್ತು. ಟೈಗರಿನಿಂದ ಟೈಗರನ್ನು ಎಳೆಯಿಸಬಾರದೆಂದು ಅವರಲ್ಲಿ ಕಟ್ಟಪ್ಪಣೆಯಿತ್ತು; ಎಳೆಯಹೋದದ್ದೂ ಕೆಟ್ಟು ನಿಂತರೆ ನಷ್ಟ ಎರಡಾಗುವುದು. ಈ ಬಂಡಿಗಳ ಮೇಲೆ ಕುಳಿತವರಿಗೆ ಶತ್ರುವಿನ ಗುಂಡಿನಿಂದ ರಕ್ಷಣೆಯೂ ಸಾಲದು. ಆದುದರಿಂದ ೧೯೪೩ರಲ್ಲಿ ಪ್ಯಾಂಥರ್ ಎಂಬ ಟ್ಯಾಂಕಿನ ದೇಹವನ್ನೇ ತೆಗೆದುಕೊಂಡು, ಮೇಲಿನ ಗೋಪುರವನ್ನು ಬಿಟ್ಟು, ಒಳಗೆ ೪೦ ಟನ್ ಎಳೆಯುವ ವಿಂಚನ್ನೂ, ಹಿಂದೆ ನೆಲವನ್ನು ಕಚ್ಚಿ ನಿಲ್ಲಲು ದೊಡ್ಡ ಗುದ್ದಲಿಯಂತಹ ಅಲಗನ್ನೂ ಇಟ್ಟರು. ವಿಂಚೆಂದರೆ ಉಕ್ಕಿನ ಹಗ್ಗವನ್ನು ಉರುಳೆಗೆ ಸುತ್ತುತ್ತ ಎಳೆಯುವ ಯಂತ್ರ. ರಷ್ಯದವರು ಗೋಪುರ ಹಾಳಾದ ಟಿ-೩೪ ಟ್ಯಾಂಕುಗಳ ಮೇಲಿನ ರಂಧ್ರವನ್ನು ಮುಚ್ಚಿ, ಅವನ್ನೇ ಎಳೆಯುವ ಬಂಡಿಗಳನ್ನಾಗಿ ದುಡಿಸಿದರು.

ಅಮೆರಿಕದವರ ಕಥೆ ಇನ್ನೂ ಸ್ವಾರಸ್ಯವಾದುದು. ಅವರಲ್ಲಿ ಎಂ-೩ ಎಂಬ ಟ್ಯಾಂಕು ಮೊದಲು ಬಂದಿತು. ದೊಡ್ಡ ತೋಪನ್ನು ಗೋಪುರದಲ್ಲಿ ಇಡುವ ಅನುಕೂಲ ಇನ್ನೂ ಒದಗದಿದ್ದುದರಿಂದ ಅದನ್ನು ದೇಹದ ಒಂದು ಪಕ್ಕದಲ್ಲಿ ಅಳವಡಿಸಿದ್ದರು. ತೋಪನ್ನು ಬೇರೆ ದಿಕ್ಕಿಗೆ ಗುರಿಯಿಡಬೇಕಾದರೆ ಟ್ಯಾಂಕೇ ತಿರುಗಬೇಕು. ಷರ್ಮನ್ ಬಂದ ಮೇಲೆ ಎಂ-೩ ಹಳೆಯದಾಯಿತು. ತೋಪಿನ ಲೆಕ್ಕದಲ್ಲಿ ಹಳೆಯದಾಯಿತೇ ಹೊರತು ಅದರ ಎಂಜಿನು, ಪಟ್ಟೆ, ಕವಚಗಳು ಗಟ್ಟಿಯಾಗಿಯೇ ಇದ್ದುವು. ಅದರ ತೋಪುಗಳನ್ನು ಕಿತ್ತು, ೬೦,೦೦೦ ಪೌಂಡು ಎಳೆಯುವ ವಿಂಚನ್ನೂ ಭಾರವನ್ನೆತ್ತುವ ಕ್ರೇನನ್ನೂ ಇಟ್ಟು ಎಂ-೩೧ ಎಂದು ಹೆಸರು ಕೊಟ್ಟರು. ತೋಪುಗಳಿದ್ದ ಸ್ಥಳಗಳಲ್ಲಿ ಹುಸಿ ತೋಪುಗಳನ್ನು ಜೋಡಿಸಿದರು. ಬ್ರಿಟಿಷರೂ ಚರ್ಚಿಲ್ ಎಂಬ ಟ್ಯಾಂಕನ್ನು ಹೀಗೆ ಮಾರ್ಪಡಿಸಿದಾಗ, ತಿರುಗದ ಗೋಪುರವನ್ನೂ ಅದಕ್ಕೊಂದು ಹುಸಿ ತೋಪನ್ನೂ ಇಟ್ಟರು. ನಿರಾಯುಧವೆಂದು ತಿಳಿದರೆ ಶತ್ರು ಅದನ್ನೇ ಆರಿಸಿ ಹೊಡೆದಾನೆಂಬ ಭಯ. ಈ ಹುಸಿ ತೋಪಿನ ವಿಚಾರವನ್ನು ಶಿಷ್ಯನು ಹೇಳಿದಾಗ, ನಿವೃತ್ತರಾದ ಮೇಲೂ ಬೆತ್ತವನ್ನು ಬಾಗಿಲ ಹಿಂದೆ ಇಟ್ಟುಕೊಂಡಿರುವ ನಮಗೆ ಏಕೋ ಸ್ವಲ್ಪ ನಗುವೂ ಸ್ವಲ್ಪ ನಾಚಿಕೆಯೂ ಬಂದಿತು.

ಹಳೆಯ ಟ್ಯಾಂಕೇ ಈ ಕೆಲಸಕ್ಕೆ ಏಕೆ ತಕ್ಕುದೆಂಬುದನ್ನು ಅವನು ವಿವರಿಸಿದನು. ಹೊಸ ಟ್ಯಾಂಕುಗಳೆಲ್ಲ ಕಾದಾಟಕ್ಕೆ ಬೇಕು. ಅವುಗಳಲ್ಲಿ ಒಂದನ್ನು ಬಿಡಿಸಿ ತರುವುದು ದುಬಾರಿ. ಗೋಪುರವನ್ನೂ ತೋಪನ್ನೂ ಇಳಿಸಿದ ಹಳೆಯ ದೇಹದಲ್ಲಿ ಯಂತ್ರಗಳಿಗೆ ಎಡೆ ದೊರೆಯುತ್ತದೆ. ಮುರಿದ ಟ್ಯಾಂಕು ನಿಂತಿರುವ ಜಾಗಕ್ಕೆ ಗಾಲಿಯ ಗಾಡಿ ಹೋಗಲಾರದು. ಪಟ್ಟೆಯ ಬಂಡಿಯೇ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದುದು ತೂಕ. ಹಗುರವಾದುದು ಎಳೆಯಹೋದರೆ, ಹೂತದ್ದು ಮೇಲಕ್ಕೆ ಬರುವ ಬದಲು ಎಳೆಯುವುದೇ ಅದರ ಕಡೆಗೆ ಜಾರಿಹೋಗುತ್ತದೆ. ಕೆಸರಿನಲ್ಲಿ ಹೂತ ಆನೆಯನ್ನು ಎತ್ತಲು ಆನೆಯೇ ಬೇಕೆಂಬ ಅಭಿಪ್ರಾಯ ನಮ್ಮ ಹಿತೋಪದೇಶದಲ್ಲಿ ಉಂಟಷ್ಟೆ. ಆ ಮಾತನ್ನು ನಾವು ಸಜ್ಜನರ ಸ್ನೇಹಕ್ಕೆ ದೃಷ್ಟಾಂತವಾಗಿ ಮಾತ್ರ ಬೋಧಿಸುತ್ತಿದ್ದೆವು. ಅದರಲ್ಲಿ ಇಷ್ಟು ಯಂತ್ರಶಾಸ್ತ್ರ ಅಡಗಿದೆಯೆಂದು ನಮ್ಮ ಶಿಷ್ಯನಿಂದ ತಿಳಿಯಬೇಕಾಯಿತು.

ಈ ಮಾರ್ಪಾಟುಗಳಲ್ಲಿ ನಮಗೆ ಅತ್ಯಂತ ಆಶ್ಚರ್ಯಕರವಾಗಿ ತೋರಿದುದು ಸಮುದ್ರತೀರದ ಉದ್ಧಾರಕ ವಾಹನ. ೧೯೪೪ನೆಯ ಇಸವಿ ಜೂನ್ ೬ರಂದು ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಿತು. ಇಳಿಯುವಾಗ ಗಾಡಿಗಳು ನೀರಿನಲ್ಲಿ ಕೆಟ್ಟು ನಿಂತರೆ ಹಿಂದೆ ಬರುವ ಎಲ್ಲವುಗಳಿಗೂ ದಾರಿ ಕಟ್ಟಿಹೋಗುವುದು. ಇದಕ್ಕಾಗಿ ಬ್ರಿಟಿಷರು ಷರ್ಮನ್ ಟ್ಯಾಂಕಿನ ಗೋಪುರವನ್ನು ತೆಗೆದು, ದೋಣಿಯ ಮೂತಿಯಂತೆ ಎತ್ತರವಾದ ಉಕ್ಕಿನ ಗೋಡೆಗಳನ್ನು ಕಟ್ಟಿದರು. ಅದು ಸುಮಾರು ೯ ಅಡಿ ಆಳದ ನೀರಿನಲ್ಲಿಯೂ ಓಡಾಡಬಲ್ಲುದಾಗಿತ್ತು. ತಣ್ಣೀರಿನಲ್ಲಿ ಮುಳುಗಿ ಏಳುವಾಗ ಒಮ್ಮೆಲೇ ಆಗುವ ಶಾಖದ ವ್ಯತ್ಯಾಸವನ್ನು ಡೀಸೆಲ್ ಎಂಜಿನು ಚೆನ್ನಾಗಿ ತಾಳಿಕೊಳ್ಳುವುದೆಂದು ಅಂತಹ ಎಂಜಿನುಳ್ಳ ಷರ್ಮನ್ನುಗಳನ್ನೇ ಆರಿಸಿದರು. ನೆಲಕಚ್ಚಿದ ದೋಣಿಗಳನ್ನು ಸಮುದ್ರಕ್ಕೆ ನೂಕಲು ಮುಂದುಗಡೆ ಮರದ ದಿಮ್ಮಿಯನ್ನು ಇಟ್ಟಿದ್ದರು. ಒಳಗಿನ ಐವರು ಸಿಬ್ಬಂದಿಯಲ್ಲಿ ಒಬ್ಬನು ಮುಳುಗುಗಾರ. ನೀರಿಗಿಳಿದು ಮುಳುಗಿದ ಗಾಡಿಗೆ ಸರಪಳಿ ಬಿಗಿಯುವುದು ಅವನ ಕೆಲಸ. ಇಂತಹ ಸುಮಾರು ೬೦ ವಾಹನಗಳು ನಾರ್ಮಂಡಿಯ ತೀರದಲ್ಲಿ ದುಡಿದುವು. ಮುಂದೆ ಇದೇ ಕೆಲಸಕ್ಕೆ ಸೆಂಚೂರಿಯನ್ ಎಂಬ ಟ್ಯಾಂಕಿನ ದೇಹವನ್ನು ಮಾರ್ಪಡಿಸಿಕೊಂಡರು. ಬ್ರಿಟಿಷರಲ್ಲಿ ಕಾದಾಡುವ ಸೆಂಚೂರಿಯನ್ ಮರೆಯಾಗಿ ಬಹು ವರ್ಷಗಳಾದ ಮೇಲೂ, ೧೯೮೨ರ ಫಾಕ್ಲೆಂಡ್ ಯುದ್ಧದಲ್ಲಿ, ಕಡೆಗೆ ೨೦೦೩ರ ಇರಾಕ್ ಯುದ್ಧದಲ್ಲಿಯೂ, ಈ ಎಳೆಯುವ ಸೆಂಚೂರಿಯನ್ ನೀರಿಗಿಳಿದು ಕೆಲಸ ಮಾಡಿತು. ತೋಪಿನ ಆಯುಸ್ಸಿಗಿಂತ ಹಗ್ಗದ ಆಯುಸ್ಸು ದೀರ್ಘವಾಯಿತು.

ಯುದ್ಧದಲ್ಲಿ ಇದರಿಂದ ಆಗುವ ಪ್ರಯೋಜನವೇನು ಎಂದು ಮನೆಯವರು ಕೇಳಿದರು. ಒಂದು ಟ್ಯಾಂಕನ್ನು ಹೊಸದಾಗಿ ಮಾಡಿ ಸಮುದ್ರದಾಚೆಯಿಂದ ತರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಪಟ್ಟೆ ಕಳಚಿ ಹಳ್ಳದಲ್ಲಿ ಬಿದ್ದುದನ್ನು ರಾತ್ರಿಯಲ್ಲಿ ಎಳೆದು ತಂದು ದುರಸ್ತು ಮಾಡಿದರೆ ಅದೇ ಟ್ಯಾಂಕು ಕೆಲವೇ ದಿವಸಗಳಲ್ಲಿ ಮತ್ತೆ ಹೊರಡಬಹುದು. ಬ್ರಿಟಿಷರು ಈ ಕಾರ್ಯಕ್ಕೆಂದೇ ೧೯೪೨ರ ಅಕ್ಟೋಬರ್ ೧ರಂದು ಪ್ರತ್ಯೇಕವಾದ ದಳವೊಂದನ್ನು ಸ್ಥಾಪಿಸಿದರು. ಈಜಿಪ್ಟಿನ ಎಲ್ ಅಲಮೀನ್ ಎಂಬಲ್ಲಿ ಮಹತ್ತರವಾದ ಯುದ್ಧ ಆರಂಭವಾದದ್ದು ಅದೇ ತಿಂಗಳಿನ ೨೩ರಂದು. ಮರುವರ್ಷ, ೧೯೪೩ರ ಅಕ್ಟೋಬರ್ ೧೫ರಂದು, ನಮ್ಮ ದೇಶದ ಸೇನೆಯಲ್ಲಿಯೂ ಅಂತಹ ದಳ ಹುಟ್ಟಿತು. ಈಗಿನ ಹೆಸರು ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರುಗಳ ದಳ; ನಮ್ಮ ಶಿಷ್ಯನು ಸೇವೆ ಸಲ್ಲಿಸಿದುದು ಅದರಲ್ಲಿಯೇ. ಅದರ ಧ್ಯೇಯವಾಕ್ಯ 'ಕರ್ಮ ಹಿ ಧರ್ಮ'. ಮಾಡತಕ್ಕ ಕೆಲಸವೇ ಧರ್ಮವೆಂದು ಅದರ ತಾತ್ಪರ್ಯ.

ರಣಭೂಮಿ ಯಾರ ವಶದಲ್ಲಿ ಉಳಿಯುವುದೋ ಹೂತ ಟ್ಯಾಂಕುಗಳೂ ಅವರ ಪಾಲಾಗುವುವು ಎಂಬುದಕ್ಕೆ ಅವನು ಕೊಟ್ಟ ಉದಾಹರಣೆ ನಮ್ಮ ದೇಶದ್ದೇ. ೧೯೬೫ರ ಸೆಪ್ಟೆಂಬರ್ ೮ರಿಂದ ೧೦ರವರೆಗೆ ಪಂಜಾಬಿನ ಖೇಮಕರಣದ ಬಳಿ ಅಸಲ್ ಉತ್ತರ್ ಎಂಬಲ್ಲಿ ನಡೆದ ಕಾಳಗದಲ್ಲಿ, ನಮ್ಮವರು ಹೊಲಗಳಿಗೆ ನೀರು ಬಿಟ್ಟಿದ್ದರು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕಬ್ಬಿನ ಗದ್ದೆಗಳ ಕೆಸರಿನಲ್ಲಿ ಸಿಕ್ಕಿಕೊಂಡವು. ಎಳೆದೊಯ್ಯುವವರು ಬರಲು ಸಾಧ್ಯವಿಲ್ಲದೆ ಹೋದುದರಿಂದ ಅನೇಕ ಪ್ಯಾಟನ್ನುಗಳು ನಮ್ಮ ಸೇನೆಯ ಕೈಗೆ ಸೇರಿದುವು. ಅವನು ತಾನೇ ದುಡಿದುದು ರಷ್ಯದ ಟಿ-೫೫ ಟ್ಯಾಂಕಿನ ದೇಹದ ಮೇಲೆ ಕಟ್ಟಿದ ಎಳೆಯುವ ವಾಹನದಲ್ಲಿ. ಅದರಿಂದ ತನಗಿಂತ ಭಾರವಾದ ಟಿ-೭೨ಗಳನ್ನು ಎಳೆದು ಮೇಲಕ್ಕೆ ತಂದದ್ದುಂಟಂತೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಬಿ.ಇ.ಎಂ.ಎಲ್. ಸಂಸ್ಥೆಯು ಟಿ-೭೨ರ ದೇಹದ ಮೇಲೆ ಪೋಲೆಂಡಿನವರು ರೂಪಿಸಿದ ಇಂತಹ ವಾಹನಗಳನ್ನು ನಮ್ಮ ಸೇನೆಗೆ ಸಿದ್ಧಪಡಿಸಿಕೊಟ್ಟಿತೆಂದೂ ಅವನಿಂದ ತಿಳಿಯಿತು.

"ತನಗಿಂತ ಭಾರವಾದುದನ್ನು ಎಳೆಯುವುದು ಹೇಗಪ್ಪ?" ಎಂದು ಕೇಳಿದೆವು. ಅವನು ಅಂಗಳಕ್ಕಿಳಿದು ಒಂದು ಕಡ್ಡಿಯಿಂದ ಮಣ್ಣಿನಲ್ಲಿ ಗೆರೆಗಳನ್ನೆಳೆದು ವಿವರಿಸಿದನು. ಬಾವಿಯ ರಾಟೆಯಂತಹ ಕಪ್ಪಿಗಳ ಮೂಲಕ ಹಗ್ಗವನ್ನು ಎರಡು ಮೂರು ಸಲ ಹಾಯಿಸಿದರೆ ಎಳೆಯುವ ಬಲ ಅಷ್ಟಷ್ಟು ಹೆಚ್ಚುತ್ತದೆ; ವೇಗ ಅಷ್ಟೇ ಕಡಮೆಯಾಗುತ್ತದೆ. ಸೆಂಚೂರಿಯನ್ ಮೂಲದ ಎಳೆಯುವ ವಾಹನದ ವಿಂಚು ನೇರವಾಗಿ ಎಳೆದರೆ ಸುಮಾರು ೩೦ ಟನ್, ಕಪ್ಪಿಗಳ ಸಹಾಯದಿಂದ ಸುಮಾರು ೯೦ ಟನ್ ಎಳೆಯುತ್ತಿತ್ತು. ಅವಸರವಿದ್ದವನಿಗೆ ಈ ಕೆಲಸ ಹೇಳಿದ್ದಲ್ಲವೆಂದು ಅವನು ನಕ್ಕನು.

ಆಮೇಲೆ ಅವನು ಹೇಳಿದ ಲೆಕ್ಕವನ್ನು ವಾಚಕರು ಗಮನವಿಟ್ಟು ಓದಬೇಕೆಂದು ಪ್ರಾರ್ಥಿಸುತ್ತೇವೆ. ಅಮೆರಿಕದ ಸೇನೆಯ ಕೈಪಿಡಿಗಳಲ್ಲಿಯೂ ಇದೇ ಲೆಕ್ಕವುಂಟು. ಟ್ಯಾಂಕು ಗಾಲಿಯ ಮಟ್ಟದವರೆಗೆ ಹೂತಿದ್ದರೆ, ಅದನ್ನು ಎಳೆಯಲು ಅದರ ತೂಕದಷ್ಟೇ ಬಲ ಬೇಕು. ಪಟ್ಟೆಯ ಮೇಲಿನ ತಗಡಿನವರೆಗೆ ಹೂತಿದ್ದರೆ ತೂಕದ ಎರಡರಷ್ಟು. ಗೋಪುರದವರೆಗೆ ಹೂತಿದ್ದರೆ ಮೂರರಷ್ಟು. ಆದರೆ ಅದು ಯಾವ ದಾರಿಯಿಂದ ಒಳಕ್ಕೆ ಬಂದಿತೋ ಅದೇ ದಾರಿಯಲ್ಲಿ ಹಿಂದಕ್ಕೆ ಎಳೆದರೆ ಬೇಕಾದ ಬಲ ನೂರಕ್ಕೆ ಹತ್ತರಷ್ಟು ಕಡಮೆಯಾಗುತ್ತದೆ. ಹೂತ ಟ್ಯಾಂಕಿನ ಎಂಜಿನು ಇನ್ನೂ ನಡೆಯುತ್ತಿದ್ದು, ತನ್ನ ಪಟ್ಟೆಗಳನ್ನು ತಾನೇ ಮೆಲ್ಲಗೆ ತಿರುಗಿಸಿದರೆ ನೂರಕ್ಕೆ ನಲವತ್ತರಷ್ಟು ಕಡಮೆಯಾಗುತ್ತದೆ. ಎರಡೂ ಕೂಡಿದರೆ ಅರ್ಧಕ್ಕೆ ಅರ್ಧ. ೪೦ ಟನ್ನಿನ ಟ್ಯಾಂಕು ತಗಡಿನವರೆಗೆ ಹೂತರೆ ೮೦ ಟನ್ ಬಲ ಬೇಕಾಗುವುದು. ಬಂದ ದಾರಿಯನ್ನು ಹಿಡಿದು, ಅದರ ಪ್ರಯತ್ನವನ್ನೂ ಸೇರಿಸಿಕೊಂಡರೆ ೪೦ ಸಾಕು.

"ಎಳೆಯುವಾಗ ನೋಡುವವರು ಹಗ್ಗದ ಉದ್ದದಷ್ಟಾದರೂ ದೂರದಲ್ಲಿ ನಿಲ್ಲಬೇಕು, ಮೇಷ್ಟ್ರೇ. ಉಕ್ಕಿನ ಹಗ್ಗ ಕಿತ್ತುಬಂದರೆ ಮನುಷ್ಯ ಉಳಿಯುವುದಿಲ್ಲ. ಸುತ್ತ ನಿಂತು ಕೂಗಾಡುವವರನ್ನು ಮೊದಲು ದೂರ ಕಳಿಸುತ್ತೇವೆ. ಯಾರ ತಪ್ಪಿನಿಂದ ಹೂತಿತು ಎಂದು ವಿಚಾರಿಸುವುದು ನಮ್ಮ ಕೆಲಸವಲ್ಲ. ನೆಲ ಎಂತಹುದು, ಆಳ ಎಷ್ಟು, ಯಾವ ದಿಕ್ಕಿನಿಂದ ಒಳಗೆ ಬಂದ, ಎಂಜಿನು ನಡೆಯುತ್ತಿದೆಯೋ ಇಲ್ಲವೋ, ಇಷ್ಟನ್ನೇ ನೋಡುವುದು" ಎಂದನು.

ಈಗ ನಮ್ಮ ಸಂಕೋಚದ ಕಾರಣವನ್ನು ಹೇಳದೆ ವಿಧಿಯಿಲ್ಲ. ಈ ಶಿಷ್ಯನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಾವು ಅವನಿಗೆ ಸಂಸ್ಕೃತವನ್ನು ಬೋಧಿಸುತ್ತಿದ್ದೆವು. ಶಬ್ದರೂಪಗಳು ಅವನ ನಾಲಗೆಗೆ ಹತ್ತಲಿಲ್ಲ, ಸಂಧಿಕಾರ್ಯವೆಂದರೆ ಬೆವರುತ್ತಿದ್ದನು. ಒಂದು ದಿನ ನಾವು ಅವನನ್ನು ತರಗತಿಯ ನಡುವೆ ನಿಲ್ಲಿಸಿ, ಎರಡು ಮೂರು ಪ್ರಶ್ನೆ ಕೇಳಿ, ಉತ್ತರ ಬಾರದಿರಲು, "ನೀನು ಉದ್ಧಾರವಾಗುವ ಪ್ರಾಣಿಯಲ್ಲ, ಕೂತುಕೋ" ಎಂದೆವು. ಮಕ್ಕಳೆಲ್ಲ ನಕ್ಕರು. ಈ ಮಾತನ್ನು ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ದಿನಕ್ಕೆ ಎಷ್ಟು ಸಲ ಆಡುವುದಿಲ್ಲ! ನಮಗೂ ಅದು ಬರಿಯ ಮಾತೇ ಆಗಿದ್ದಿತು. ಅವನು ಅಂದಿನಿಂದ ಕಡೆಯ ಬೆಂಚಿಗೆ ಹೋದನು. ನಾವು ಅವನನ್ನು ಮತ್ತೆ ಪ್ರಶ್ನೆ ಕೇಳಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ನಮ್ಮ ವಿಷಯವೊಂದರಲ್ಲಿಯೇ ಅವನು ನಪಾಸಾದನು.

ನಮ್ಮ ಶಾಲೆಯಲ್ಲಿ ಆಗ ವೃದ್ಧರಾದ ಗಣಿತದ ಉಪಾಧ್ಯಾಯರೊಬ್ಬರಿದ್ದರು. ಪಾಠಕ್ರಮ ಬದಲಾದಾಗ ಅವರಿಗೆ ಹೊಸ ಗಣಿತ ಒಗ್ಗಲಿಲ್ಲ. ಮೇಲಿನ ತರಗತಿಗಳನ್ನು ಅವರಿಂದ ತೆಗೆದು, ಭೂಪಟಗಳನ್ನೂ ಹಳೆಯ ಪುಸ್ತಕಗಳನ್ನೂ ಇಟ್ಟಿದ್ದ ಕೋಣೆಯ ಬೀಗದ ಕೈಯನ್ನು ಕೊಟ್ಟಿದ್ದರು. ತರುಣರಾಗಿದ್ದ ನಾವು ಕೆಲವರು ಆ ಕೋಣೆಯನ್ನು ಗುಜರಿ ಅಂಗಡಿಯೆಂದೂ, ಅವರನ್ನು ಅದರ ಯಜಮಾನರೆಂದೂ ಪರಿಹಾಸ್ಯ ಮಾಡುತ್ತಿದ್ದೆವು. ಆ ಕೋಣೆಯಲ್ಲಿ ಸಾಯಂಕಾಲ ಏನು ನಡೆಯುತ್ತಿತ್ತೆಂಬುದನ್ನು ನಾವು ನೋಡಲಿಲ್ಲ. ಈಗ ಶಿಷ್ಯನು ಹೇಳಿದ ಮೇಲೆ ತಿಳಿಯಿತು. ನಪಾಸಾದ ನಾಲ್ಕೈದು ಹುಡುಗರನ್ನು ಅವರು ಕೂರಿಸಿಕೊಳ್ಳುತ್ತಿದ್ದರಂತೆ. ಸಂಸ್ಕೃತ ಅವರಿಗೂ ಅಷ್ಟಾಗಿ ಬಾರದು. "ನನಗೂ ಬರುವುದಿಲ್ಲ ಮಗು, ಇಬ್ಬರೂ ಸೇರಿ ನೋಡೋಣ" ಎಂದು ಎಂಟನೆಯ ತರಗತಿಯ ಮೊದಲನೆಯ ಪಾಠಕ್ಕೆ ಅವನನ್ನು ಹಿಂದಕ್ಕೆ ಕರೆದುಕೊಂಡು ಹೋದರಂತೆ. ಉತ್ತರವನ್ನು ತಾವು ಹೇಳದೆ, ಅವನ ಬಾಯಿಂದ ಬರುವವರೆಗೆ ಕಾದಿದ್ದರಂತೆ. ಮರುಪರೀಕ್ಷೆಯಲ್ಲಿ ಅವನು ತೇರ್ಗಡೆಯಾದನು. ಆ ತೇರ್ಗಡೆಯ ಪತ್ರದಿಂದಲೇ ಸೇನೆಗೆ ಸೇರಿದನು. ಆ ಹಿರಿಯರು ತೀರಿಕೊಂಡು ಬಹುಕಾಲವಾಗಿದೆ. ನಾವು ಅವರಿಗೆ ಹೇಳಬೇಕಾಗಿದ್ದ ಮಾತು ನಮ್ಮಲ್ಲಿಯೇ ಉಳಿದಿದೆ.

ಕಾಫಿಯ ಲೋಟವನ್ನು ಕೆಳಗಿಟ್ಟು ಶಿಷ್ಯನು ಬಂದ ಕಾರ್ಯವನ್ನು ಹೇಳಿದನು. ಮಗನು ಒಂಬತ್ತನೆಯ ತರಗತಿ, ಸಂಸ್ಕೃತದಲ್ಲಿ ತೀರ ಹಿಂದೆ ಬಿದ್ದಿದ್ದಾನೆ, ತಾವು ಕೈಹಿಡಿಯಬೇಕು. ನಮಗೆ ಕ್ಷಣಕಾಲ ಮಾತು ಹೊರಡಲಿಲ್ಲ. "ನಮ್ಮ ಬಳಿಗೇ ಏಕೆ ಕರೆತಂದೆಯಪ್ಪ? ನಾವು ನಿನಗೆ ಅಂದು ಆಡಿದ ಮಾತನ್ನು ಮರೆತೆಯಾ?" ಎಂದು ಕೇಳಿಯೇ ಬಿಟ್ಟೆವು.

ಅವನು ಮಗನ ಕಡೆಗೊಮ್ಮೆ ನೋಡಿದನು. "ಮರೆತಿಲ್ಲ, ಮೇಷ್ಟ್ರೇ. ಆದರೆ ತಮಗೆ ವಿದ್ಯೆ ಇದೆ. ಆಗ ತಮ್ಮ ತೋಪು ಬಹಳ ದೊಡ್ಡದಿತ್ತು. ನಮಗೆ 'ರಾಮಃ' ಎನ್ನುವುದಕ್ಕೂ ಹೆದರಿಕೆ. ಈಗ ತಾವು ನಿವೃತ್ತರು. ತೋಪು ಇಳಿಸಿದ ಟ್ಯಾಂಕು ಎಳೆಯುವುದಕ್ಕೆ ಬಹಳ ಒಳ್ಳೆಯದು" ಎಂದು ಹೇಳಿ, ಹೆಚ್ಚು ಮಾತನಾಡಿದೆನೇನೋ ಎಂಬಂತೆ ತಲೆ ತಗ್ಗಿಸಿದನು. ನಮ್ಮ ಮನೆಯವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದರು. ನಾವೂ ನಕ್ಕೆವು, ಆದರೆ ಆ ರಾತ್ರಿ ನಿದ್ರೆ ಬರಲು ಬಹಳ ಹೊತ್ತಾಯಿತು.

ಅಂದಿನಿಂದ ಹುಡುಗನು ಪ್ರತಿ ಸಾಯಂಕಾಲವೂ ಐದು ಗಂಟೆಗೆ ಬರುತ್ತಾನೆ. ಬೆತ್ತವನ್ನು ನಾವು ತೋಟದಲ್ಲಿ ಅವರೆಯ ಬಳ್ಳಿಗೆ ಆಸರೆಯಾಗಿ ನೆಟ್ಟಿದ್ದೇವೆ. ಮೊದಲನೆಯ ವಾರ ಪಾಠ ಹೇಳಲಿಲ್ಲ. ಅವನು ಎಷ್ಟು ಆಳದಲ್ಲಿ ಹೂತಿದ್ದಾನೆ, ಯಾವ ಕಡೆಯಿಂದ ಒಳಗೆ ಹೋದನೆಂದು ನೋಡಿದೆವು. ಸಂಧಿ ಬಾರದವನಿಗೆ ಸಂಧಿಯನ್ನೇ ಮತ್ತೆ ಮತ್ತೆ ಹೇಳಿದುದರಿಂದ ಪ್ರಯೋಜನವಾಗಿರಲಿಲ್ಲ. ಅವನ ತೊಡಕು ಅದಕ್ಕಿಂತ ಹಿಂದೆ, ಅಕ್ಷರಗಳ ವರ್ಗಗಳನ್ನು ಕಲಿಯುವಾಗಲೇ ಆರಂಭವಾಗಿದ್ದಿತು. ಅಲ್ಲಿಗೇ ಹಿಂದಿರುಗಿದೆವು. ಉತ್ತರ ತಡವಾದಾಗ ನಾಲಗೆಯ ತುದಿಗೆ ಬರುವ ಹಳೆಯ ಮಾತನ್ನು ನುಂಗಿಕೊಳ್ಳುವ ಅಭ್ಯಾಸ ನಮಗೂ ನಡೆಯುತ್ತಿದೆ. ಅರುವತ್ತು ದಾಟಿದ ಮೇಲೆ ಈ ಪಾಠ ಸುಲಭವಲ್ಲ. ಎರಡು ಸಲ ತಪ್ಪಿದ್ದೇವೆ; ಎರಡು ಸಲವೂ ಹುಡುಗನು ಮರುದಿನ ತಡವಾಗಿ ಬಂದನು.

ಮೊನ್ನೆಯ ದಿವಸ 'ಉದ್ಧಾರ' ಎಂಬ ಪದವನ್ನೇ ಬಿಡಿಸಲು ಕೊಟ್ಟೆವು. ಉತ್ ಎಂದರೆ ಮೇಲಕ್ಕೆ. ಹಾರ ಎಂದರೆ ಒಯ್ಯುವುದು. ಎರಡೂ ಸೇರಿ ಮೇಲಕ್ಕೆತ್ತುವುದೆಂದು ಅರ್ಥ. ಹುಡುಗನು ಹಲಗೆಯ ಮೇಲೆ ಬರೆದು ಬಹಳ ಹೊತ್ತು ನೋಡಿದನು. ನಾವು ಸುಮ್ಮನೆ ಕುಳಿತಿದ್ದೆವು. ಕಡೆಗೆ ಅವನು, "ತಾತ, 'ಹಾರ'ದಲ್ಲಿದ್ದ ಹಕಾರ ಎಲ್ಲಿಗೆ ಹೋಯಿತು?" ಎಂದು ಕೇಳಿದನು. ತಕಾರವು ದಕಾರವಾಯಿತು, ಹಕಾರವು ಧಕಾರವಾಯಿತು ಎಂದು ಸೂತ್ರವನ್ನು ಹೇಳಿಬಿಡಲು ಬಾಯಿ ತೆರೆದೆವು, ಹಾಗೆಯೇ ಮುಚ್ಚಿಕೊಂಡೆವು. ಅವನು ಮತ್ತೆ ಹಲಗೆಯ ಮೇಲೆ ಬಾಗಿ, ಬೆರಳಿನಿಂದ ಒಂದೊಂದೇ ಅಕ್ಷರವನ್ನು ಮುಟ್ಟುತ್ತ, "ಹೋಗಿಲ್ಲ, ಇಲ್ಲೇ ಇದೆ; ಧಕಾರವಾಗಿ ಕೂತಿದೆ" ಎಂದನು.

ಇನ್ನೂ ವಿಸರ್ಗಸಂಧಿ ಉಳಿದಿದೆ. ನಾಳೆ ಐದು ಗಂಟೆಗೆ ಬಾ ಎಂದು ಹೇಳಿ ಕಳುಹಿಸಿದೆವು.